ಹಿಂದಿನ ಸಾಲಿನ ಶಾಸಕರ ಪ್ರಶ್ನೆಗಳು ಮತ್ತು ನಾವು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಹುಲಗೂರಿನಲ್ಲಿ ಏರ್ಪಡಿಸಿದ್ದ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)





ನಾವು ಭಾಷಣಕಾರರಲ್ಲ. ಓದಿದ್ದು ಎಸ್.ಎಸ್.ಎಲ್.ಸಿ., ಅದೂ ಗಣಿತದಲ್ಲಿ ಎರಡನೇ ಸಲಕ್ಕೆ ಪಾಸಾದವರು. ಆಮೇಲೆ ರಂಟಿ, ಕುಂಟಿ, ಎತ್ತು, ಈಗ ಟ್ರ್ಯಾಕ್ಟರ್ ಸಾಲ, ಇಷ್ಟೇ ನಮ್ಮ ವಿದ್ಯೆ. ಅಧ್ಯಕ್ಷರು, "ಬೆಳ್ಳಿಹಬ್ಬಕ್ಕ ನೀವೂ ಒಂದು ವಿಷಯ ಮಾತಾಡ್ರಿ" ಎಂದಾಗ ಗಾಬರಿಯಾಯಿತು. ಸಂಘದ ಸಾಧನೆಯ ಬಗ್ಗೆ ಮಾತಾಡಲು ಕಾರ್ಯದರ್ಶಿಗಳಿದ್ದಾರೆ, ಸಹಕಾರ ತತ್ವದ ಬಗ್ಗೆ ಮಾತಾಡಲು ಇಲಾಖೆಯವರು ಬಂದಿದ್ದಾರೆ. ಹೀಗಾಗಿ ಇಂಥ ಸಭೆಗಳಲ್ಲಿ ಯಾರೂ ಎತ್ತದ ಒಂದು ವಿಷಯವನ್ನು ನಾವು ಆರಿಸಿಕೊಂಡಿದ್ದೇವೆ. ವಿಧಾನಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂಡ್ರುವ, ಮಂತ್ರಿಯಾಗದ, ಪೇಪರಿನಲ್ಲಿ ಫೋಟೋ ಬಾರದ ಶಾಸಕರು ಕೇಳುವ ಪ್ರಶ್ನೆಗಳಿಂದ ನಮ್ಮಂಥ ಹಳ್ಳಿ ಜನಕ್ಕೆ ಏನಾಗುತ್ತದೆ ಎಂಬುದೇ ಆ ವಿಷಯ.

"ಇದಕ್ಕೂ ಸೊಸಾಯಿಟಿಗೂ ಏನ್ ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಐತಿ, ಕೊನೆಗೆ ಹೇಳುತ್ತೇವೆ. ತಾಳ್ಮೆಯಿಂದ ಕೇಳಬೇಕು.

ನಮ್ಮ ಶಿಗ್ಗಾಂವಿ ಕ್ಷೇತ್ರದವರು ದೊಡ್ಡ ದೊಡ್ಡ ಕುರ್ಚಿಗಳನ್ನು ನೋಡಿದವರು. 1967ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಇಲ್ಲಿಂದಲೇ ಆರಿಸಿ ಹೋಗಿ ಮುಖ್ಯಮಂತ್ರಿಗಳಾಗಿದ್ದರು. 2021ರಿಂದ 2023ರವರೆಗೆ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಗಳಾಗಿದ್ದಾಗಲೂ ಇದೇ ಕ್ಷೇತ್ರದ ಶಾಸಕರು. ನಮ್ಮ ಜಿಲ್ಲೆಯವರು ಸಭಾಧ್ಯಕ್ಷರ ಪೀಠದಲ್ಲೂ ಕುಳಿತಿದ್ದಾರೆ. ಹಿರೇಕೆರೂರಿನ ಬಿ.ಜಿ. ಬಣಕಾರರು 1985ರಿಂದ 1989ರವರೆಗೆ, ರಾಣೆಬೆನ್ನೂರಿನ ಕೆ.ಬಿ. ಕೋಳಿವಾಡರು 2016ರಿಂದ 2018ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಇದು ಹೆಮ್ಮೆಯ ಮಾತು. ಆದರೆ ಒಂದು ಸಂಗತಿ ನಮಗೆ ಬಹಳ ದಿನ ಗೊತ್ತಿರಲಿಲ್ಲ. ಮುಖ್ಯಮಂತ್ರಿಯಾಗಲಿ, ಮಂತ್ರಿಯಾಗಲಿ ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ. ಅವರದು ಉತ್ತರ ಕೊಡುವ ಜಾಗ. ಸಭಾಧ್ಯಕ್ಷರೂ ಕೇಳುವಂತಿಲ್ಲ, ಅವರು ಕೇಳಿಸುವವರು. ಕೇಳುವ ಅಧಿಕಾರ ಇರುವುದು ಉಳಿದ ಸದಸ್ಯರಿಗೆ. ಅಂದರೆ ನಾವು ಯಾರನ್ನು "ಇವರಿಂದ ಏನೂ ಆಗೂದಿಲ್ಲ ಬಿಡ್ರಿ" ಅನ್ನುತ್ತೇವೋ, ಆ ಹಿಂದಿನ ಸಾಲಿನವರಿಗೆ.

ಪ್ರಶ್ನೆ ಕೇಳುವ ಪದ್ಧತಿ ಹೇಗಿದೆ ಎಂದು ಚುಟುಕಾಗಿ ಹೇಳುತ್ತೇವೆ. ಸದನ ಸೇರಿದ ದಿನ ಪ್ರಶ್ನೋತ್ತರಕ್ಕೆಂದೇ ಒಂದು ತಾಸು ಇರುತ್ತದೆ. ಶಾಸಕರು ಮೊದಲೇ ಬರೆದುಕೊಡಬೇಕು. ಅದರಲ್ಲಿ ಎರಡು ತರ. ಒಂದು ಚುಕ್ಕೆ ಗುರುತಿನ ಪ್ರಶ್ನೆ. ಅದಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಇನ್ನೊಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅದಕ್ಕೆ ಬರಹದಲ್ಲಿ ಉತ್ತರ. ಇದಲ್ಲದೆ ಶೂನ್ಯ ವೇಳೆ ಇದೆ, ಗಮನ ಸೆಳೆಯುವ ಸೂಚನೆ ಇದೆ. ವಿಧಾನ ಪರಿಷತ್ತಿನ ಸದಸ್ಯರಿಗೂ, ದಿಲ್ಲಿಯಲ್ಲಿ ಲೋಕಸಭೆ ಮತ್ತು ರಾಜ್ಯಸಭೆಯ ಸದಸ್ಯರಿಗೂ ಇದೇ ಅಧಿಕಾರ. ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ನಮ್ಮ ಜನ ಟ್ರ್ಯಾಕ್ಸ್ ಮಾಡಿಕೊಂಡು ಹೋಗಿ ಹೊರಗೆ ಧರಣಿ ಕೂಡ್ರುತ್ತೇವೆ. ಒಳಗೆ ಹೋಗುವ ಪ್ರಶ್ನೆಯ ಕಾಗದದ ಬಗ್ಗೆ ಮಾತ್ರ ಯೋಚಿಸುವುದಿಲ್ಲ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಓಣಿಯ ಒಬ್ಬ ಅಜ್ಜಿಯಿಂದ ಕಲಿತದ್ದು. ಆ ಕತೆ ಹೇಳಿಬಿಡುತ್ತೇವೆ.

ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು. 2007ರಲ್ಲಿ ಶುರುವಾದ ಈ ಯೋಜನೆಯಲ್ಲಿ 2021ರಿಂದ ತಿಂಗಳಿಗೆ 1,200 ರೂಪಾಯಿ. ಮಗ ಹುಬ್ಬಳ್ಳಿಯಲ್ಲಿ ಗಾರೆ ಕೆಲಸ. ಅಜ್ಜಿಯ ಗುಳಿಗೆ, ಚಹಾಪುಡಿ, ಕರೆಂಟ್ ಬಿಲ್ಲು ಎಲ್ಲಾ ಈ ರೊಕ್ಕದಲ್ಲೇ ಸಾಗಬೇಕು. 2023ರ ದೀಪಾವಳಿ ಆದಮೇಲೆ ರೊಕ್ಕ ನಿಂತಿತು. ಎರಡು ತಿಂಗಳು ಅಜ್ಜಿ ಸುಮ್ಮನಿದ್ದಳು. ಮೂರನೇ ತಿಂಗಳು ಸಂಘದ ಕಟ್ಟೆಗೆ ಬಂದು, "ತಮ್ಮಾ, ಬ್ಯಾಂಕಿನ್ಯಾಗ ಏನೋ ತಪ್ಪಾಗೇತಿ ನೋಡು" ಅಂದಳು. ಬ್ಯಾಂಕಿಗೆ ಹೋದೆವು. ಅಲ್ಲಿ ತಪ್ಪಿಲ್ಲ, ಮೇಲಿಂದಲೇ ಬಂದಿಲ್ಲ ಎಂದರು. ಕಚೇರಿಗೆ ಹೋದೆವು. ಆಧಾರ್ ಜೋಡಣೆ ಎಂದರು, ಜೋಡಿಸಿದೆವು. ಅರ್ಜಿ ಕೊಡಿ ಎಂದರು, ಕೊಟ್ಟೆವು. ಮತ್ತೊಂದು ಅರ್ಜಿ ಎಂದರು, ಅದನ್ನೂ ಕೊಟ್ಟೆವು. ಐದನೇ ಸಲ ಹೋದಾಗ ಒಬ್ಬ ಹುಡುಗ ಕಂಪ್ಯೂಟರಿನಲ್ಲಿ ನೋಡಿ ಮೆಲ್ಲಗೆ ಹೇಳಿದ, "ಇವರ ಹೆಸರಿನ ಮುಂದ ಮೃತ ಅಂತ ಐತ್ರಿ."

ಅಜ್ಜಿ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಕಿವಿ ಸ್ವಲ್ಪ ಮಂದ. "ಏನಂತಾನ?" ಅಂದಳು. ನಮಗೆ ಹೇಳಲು ಬಾಯಿ ಬರಲಿಲ್ಲ.

ಆ ಹೊತ್ತಿಗೆ 2024ರ ಜೂನ್ ತಿಂಗಳು. ನಮ್ಮ ಶಾಸಕರು ಲೋಕಸಭೆಗೆ ಆರಿಸಿಹೋಗಿದ್ದರಿಂದ ಶಿಗ್ಗಾಂವಿಯ ಕುರ್ಚಿ ಖಾಲಿ. ಉಪಚುನಾವಣೆ ಆದದ್ದು ನವೆಂಬರ್ 13ಕ್ಕೆ. ಅಲ್ಲಿಯವರೆಗೆ ನಮ್ಮ ಪರವಾಗಿ ವಿಧಾನಸಭೆಯಲ್ಲಿ ಕೇಳುವವರೇ ಇರಲಿಲ್ಲ. ನಮ್ಮ ಬೀಗರ ಊರಿನ ಕಡೆಯ ಒಬ್ಬ ಶಾಸಕರಿದ್ದರು. ಯಾವ ಪಕ್ಷ, ಯಾವ ಹೆಸರು ಎಂಬುದು ಇಲ್ಲಿ ಬೇಡ. ಅವರು ಮಂತ್ರಿಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಬೀಗರ ಜೋಡಿ ಹೋಗಿ ನಮ್ಮ ಕಾಗದ ಕೊಟ್ಟೆವು. ಅದರಲ್ಲಿ, "ಬಡ ಮುದುಕಿಗೆ ಅನ್ಯಾಯವಾಗಿದೆ, ದಯಮಾಡಿ ಪಿಂಚಣಿ ಕೊಡಿಸಬೇಕು" ಎಂದು ಬರೆದಿದ್ದೆವು.

ಅವರು ಓದಿ ಕಾಗದವನ್ನು ಮೇಜಿನ ಮೇಲಿಟ್ಟು, "ಇದು ಅರ್ಜಿ. ಅರ್ಜಿ ಬ್ಯಾರೆ, ಪ್ರಶ್ನೆ ಬ್ಯಾರೆ. ಅರ್ಜಿ ಒಬ್ಬರ ಸಲುವಾಗಿ ಇರತೈತಿ. ಪ್ರಶ್ನೆ ಕೇಳಿದರ ಇಡೀ ಲೆಕ್ಕ ಹೊರಗ ಬೀಳತೈತಿ. ಹಿಂಗ ಬರಕೊಡ್ರಿ" ಎಂದು ತಾವೇ ಹೇಳಿ ಬರೆಸಿದರು. ಕಳೆದ ಒಂದು ವರ್ಷದಲ್ಲಿ ನಮ್ಮ ಭಾಗದ ತಾಲ್ಲೂಕುಗಳಲ್ಲಿ ಎಷ್ಟು ಜನರ ಪಿಂಚಣಿ ನಿಂತಿದೆ? ಯಾವ ಯಾವ ಕಾರಣಕ್ಕೆ ಎಷ್ಟೆಷ್ಟು? ನಿಲ್ಲಿಸುವ ಮುಂಚೆ ಮನೆಗೆ ಹೋಗಿ ನೋಡಿದ್ದಾರೋ, ನೋಟೀಸು ಕೊಟ್ಟಿದ್ದಾರೋ? ಮೃತರೆಂದು ನಿಲ್ಲಿಸಿದವರಲ್ಲಿ ಆಮೇಲೆ ಜೀವಂತ ಇದ್ದಾರೆಂದು ಗೊತ್ತಾಗಿ ಮತ್ತೆ ಶುರು ಮಾಡಿದ್ದು ಎಷ್ಟು?

ಇನ್ನೊಂದು ಮಾತನ್ನೂ ಅವರಿಂದಲೇ ಕಲಿತೆವು. ನಾವು ಸಮಾಜ ಕಲ್ಯಾಣ ಮಂತ್ರಿಗಳಿಗೆ ಎಂದು ಬರೆದಿದ್ದೆವು. ಅವರು ಅದನ್ನು ಹೊಡೆದುಹಾಕಿ ಕಂದಾಯ ಮಂತ್ರಿಗಳಿಗೆ ಎಂದು ತಿದ್ದಿದರು. ಹೆಸರು ಸಮಾಜ ಕಲ್ಯಾಣ ಅಂತಿದ್ದರೂ ನಮ್ಮ ರಾಜ್ಯದಲ್ಲಿ ವೃದ್ಧಾಪ್ಯ, ವಿಧವಾ ಮತ್ತು ಅಂಗವಿಕಲರ ಪಿಂಚಣಿ ನೋಡಿಕೊಳ್ಳುವುದು ಕಂದಾಯ ಇಲಾಖೆ. ಪರಿಶಿಷ್ಟರ ವಿದ್ಯಾರ್ಥಿ ನಿಲಯದ ಊಟದ ಪ್ರಶ್ನೆಯಾದರೆ ಅದು ಸಮಾಜ ಕಲ್ಯಾಣಕ್ಕೆ. ಅಂಗಡಿ ತಪ್ಪಿ ಹೋದರೆ ಸಾಮಾನು ಸಿಗುವುದಿಲ್ಲ, ಹಾಗೆಯೇ ಇದು.

ಆ ಪ್ರಶ್ನೆ ಸದನದಲ್ಲಿ ಮಾತಿಗೆ ಬಂತೇ ಎಂದರೆ ಬರಲಿಲ್ಲ. ಸರದಿ ಸಿಗಲಿಲ್ಲ. ಆದರೆ ಉತ್ತರ ತಯಾರು ಮಾಡಬೇಕಲ್ಲ, ಅದಕ್ಕೆ ಮಾಹಿತಿ ಬೇಕೆಂದು ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ ಕಾಗದ ಇಳಿಯಿತು. ಜುಲೈ ತಿಂಗಳ ಒಂದು ಮುಂಜಾನೆ ತಲಾಟಿಯವರು ಅಜ್ಜಿಯ ಮನೆ ಹುಡುಕಿಕೊಂಡು ಬಂದರು. ಅಜ್ಜಿ ಕಟ್ಟೆಯ ಮೇಲೆ ಕುಂತು ಜೋಳ ಹಸನು ಮಾಡುತ್ತಿದ್ದಳು. ತಲಾಟಿಯವರೂ ಒಳ್ಳೆಯವರೇ, ಅವರ ಮೇಲೆ ಹತ್ತು ಊರಿನ ಹೊರೆ. ಅವರು ನಕ್ಕು, "ಅಜ್ಜೀ, ನೀ ಇದೀ ಅಂತ ಬರಕೊಂಡು ಹೋಗಾಕ ಬಂದೇನಿ" ಎಂದರು. ಶ್ರಾವಣದಲ್ಲಿ ಪಿಂಚಣಿ ಮತ್ತೆ ಶುರುವಾಯಿತು. ನಡುವಿನ ಎಂಟು ತಿಂಗಳ 9,600 ರೂಪಾಯಿ ಮಾತ್ರ ಈವರೆಗೂ ಬಂದಿಲ್ಲ. ಅದನ್ನು ಕೇಳಿ ಮತ್ತೊಂದು ಕಾಗದ ಬರೆಯೋಣ ಎಂದು ನಾವು ಅಜ್ಜಿಗೆ ಹೇಳಿದಾಗ ಅವಳು ಅಂದ ಮಾತು ಇದು: "ಹೋದ ರೊಕ್ಕ ಹೋಗ್ಲಿ ತಮ್ಮಾ. ನಾ ಸತ್ತೇನಿ ಅಂತ ಬರದಿದ್ರಲ್ಲ, ಅದನ್ನ ಹೊಡದು ಹಾಕಿದ್ರೋ ಇಲ್ಲೋ, ಅಷ್ಟ ಹೇಳು."

ಬಾಂಧವರೇ, ಆವತ್ತಿನಿಂದ ನಮಗೆ ಸದನದ ಪ್ರಶ್ನೆಯ ಮೇಲೆ ಗೌರವ ಬಂದಿದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಕಟ್ಟಿ ನಾವೇ ಕೇಳಬಹುದು, ಕೇಳಲೂ ಬೇಕು. ಅದರಲ್ಲಿ ನಮಗೆ ಸಿಗುವುದು ಇರುವ ಕಾಗದದ ನಕಲು. ಸದನದ ಪ್ರಶ್ನೆಗೆ ಮಂತ್ರಿಯೇ ಹೊಣೆಗಾರರಾಗಿ ಉತ್ತರಿಸಬೇಕು, ಗೊತ್ತಿದ್ದೂ ಸುಳ್ಳು ಹೇಳಿದರೆ ಹಕ್ಕುಚ್ಯುತಿ ಆಗುತ್ತದೆ. ಎರಡೂ ನಮ್ಮ ಕೈಯಲ್ಲಿರುವ ಆಯುಧಗಳೇ. ಕುಡಗೋಲಿನಿಂದ ಮಾಡುವ ಕೆಲಸ ಬೇರೆ, ಕೊಡಲಿಯಿಂದ ಮಾಡುವ ಕೆಲಸ ಬೇರೆ.

ಹಿಂದಿನ ಸಾಲಿನವರ ಪ್ರಶ್ನೆಯಿಂದ ದೊಡ್ಡವರ ಕುರ್ಚಿ ಅಲುಗಾಡಿದ್ದೂ ಉಂಟು. 1956ರಲ್ಲಿ ಜೀವ ವಿಮಾ ನಿಗಮ ಆಯಿತು. ಅದರಲ್ಲಿ ಇದ್ದದ್ದು ನಮ್ಮ ನಿಮ್ಮಂಥವರು ಕಟ್ಟಿದ ಕಂತಿನ ಹಣ. ಆ ಹಣದಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿಯನ್ನು ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಶೇರಿಗೆ ಹಾಕಿದ್ದರು. 1957ರಲ್ಲಿ ರಾಮ ಸುಭಗ ಸಿಂಗ್ ಎಂಬ ಸದಸ್ಯರು ಲೋಕಸಭೆಯಲ್ಲಿ ಪ್ರಶ್ನೆ ಕೇಳಿದರು, ಆಮೇಲೆ ಫಿರೋಜ್ ಗಾಂಧಿಯವರು ಬೆನ್ನು ಹತ್ತಿದರು. ಇಬ್ಬರೂ ಆಳುವ ಪಕ್ಷದವರೇ. ಫಿರೋಜ್ ಗಾಂಧಿಯವರಂತೂ ಪ್ರಧಾನಿ ನೆಹರೂ ಅವರ ಅಳಿಯ. ಆದರೂ ಬಿಡಲಿಲ್ಲ. ಛಾಗ್ಲಾ ಅವರ ವಿಚಾರಣಾ ಆಯೋಗ ನೇಮಕವಾಗಿ, 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. "ನಮ್ಮ ಶಾಸಕರು ಆಳುವ ಪಕ್ಷದವರು, ಹೆಂಗ ಕೇಳ್ತಾರ್ರಿ" ಎಂದು ಹೇಳುವವರು ಇದನ್ನು ನೆನಪಿಡಬೇಕು.

ಪ್ರಶ್ನೆಯನ್ನು ಮಾರಿಕೊಂಡವರೂ ಇದ್ದಾರೆ ಎಂಬುದನ್ನು ಮುಚ್ಚಿಡಬಾರದು. ಪ್ರಶ್ನೆ ಕೇಳಲು ರೊಕ್ಕ ತೆಗೆದುಕೊಂಡರೆಂದು 2005ರ ಡಿಸೆಂಬರಿನಲ್ಲಿ ಸಂಸತ್ತಿನ 11 ಸದಸ್ಯರನ್ನು ಹೊರಗೆ ಹಾಕಿದರು. ಬೆಲೆ ಇಲ್ಲದ ವಸ್ತುವನ್ನು ಯಾರೂ ಕೊಳ್ಳುವುದಿಲ್ಲ. ವ್ಯಾಪಾರಿಗಳಿಗೆ ಗೊತ್ತಿದ್ದ ಪ್ರಶ್ನೆಯ ಬೆಲೆ ರೈತರಾದ ನಮಗೆ ಗೊತ್ತಿರಲಿಲ್ಲ ಅಷ್ಟೆ.

ನಮ್ಮ ರಾಜ್ಯದ ಮಾತಿಗೆ ಬರೋಣ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಹೋದರು. ಅವರದು ಎಂದೂ ಅಧಿಕಾರದ ಸಾಲಾಗಲಿಲ್ಲ. ಉಳುವವನಿಗೆ ಭೂಮಿ ಯಾಕಿಲ್ಲ ಎಂಬ ಮಾತನ್ನು ಅವರು ಬಿಡಲಿಲ್ಲ. ಗೌಡರು 1972ರಲ್ಲಿ ತೀರಿಕೊಂಡರು. ದೇವರಾಜ ಅರಸರ ಸರ್ಕಾರದಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಈ ಸಭೆಯಲ್ಲಿ ಕುಳಿತವರಲ್ಲಿ ಎಷ್ಟೋ ಮನೆಗಳ ಪಹಣಿ ಆ ಕಾಯ್ದೆಯಿಂದ ಬಂದದ್ದು. ಕೇಳಿದವರು ಉತ್ತರ ನೋಡಲಿಲ್ಲ, ನಾವು ಉಂಡೆವು.

ಇನ್ನು ವ್ಯಾಪಾರದ ವಿಷಯ. 1989ರಲ್ಲಿ ರೈತ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು. ಅವರು ಧಾರವಾಡ ಬಿಟ್ಟುಕೊಟ್ಟ ಮೇಲೆ ಅಲ್ಲಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಆರಿಸಿಬಂದರು. 224 ಜನರ ಸದನದಲ್ಲಿ ಇಬ್ಬರು. ಆಗ ನಾವು ಕನ್ನಡ ಶಾಲೆಯಲ್ಲಿದ್ದೆವು. ದೊಡ್ಡವರು ಕಟ್ಟೆಯ ಮೇಲೆ ಕುಂತು "ಡಂಕೆಲ್, ಡಂಕೆಲ್" ಎನ್ನುತ್ತಿದ್ದರು. ನಾವು ಅದು ಯಾವುದೋ ಹೊಸ ಬೀಜ ಅಂದುಕೊಂಡಿದ್ದೆವು. ಅದು ಮನುಷ್ಯನ ಹೆಸರು, ಜಗತ್ತಿನ ವ್ಯಾಪಾರದ ಕರಾರಿನ ಕರಡು ಎಂದು ಆಮೇಲೆ ತಿಳಿಯಿತು. ಆ ಒಪ್ಪಂದಕ್ಕೆ 1994ರ ಏಪ್ರಿಲ್‌ನಲ್ಲಿ ಸಹಿ ಬಿತ್ತು, 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಸ್ಥೆ ಶುರುವಾಯಿತು, 2001ರ ಏಪ್ರಿಲ್ 1ರಿಂದ ಆಮದಿನ ಮೇಲೆ ಉಳಿದಿದ್ದ ಪ್ರಮಾಣ ನಿರ್ಬಂಧಗಳೂ ಹೋದವು. ನಂಜುಂಡಸ್ವಾಮಿಯವರ ಎಲ್ಲ ಮಾತನ್ನು, ಎಲ್ಲ ದಾರಿಯನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಹೊಲದ ಬೀಜಕ್ಕೂ ಪರದೇಶದ ಕರಾರಿಗೂ ಸಂಬಂಧ ಇದೆಯೇ ಎಂಬ ಪ್ರಶ್ನೆಯನ್ನು ಹಳ್ಳಿಯ ಕಟ್ಟೆಗೆ ತಂದವರು ಅವರು.

ಇವತ್ತಿನ ನಮ್ಮ ಪೇಟೆಯ ಸ್ಥಿತಿ ನಿಮಗೆ ಗೊತ್ತಿದೆ. ಗೋವಿನಜೋಳಕ್ಕೆ 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಮಾಲು ಪೇಟೆಗೆ ಬರುವ ಹೊತ್ತಿಗೆ ದರ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯಿತು. 2025ರ ನವೆಂಬರಿನಲ್ಲಿ ಹಾವೇರಿ, ಗದಗ ಜಿಲ್ಲೆಗಳ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗೆ ಬಂದರು. ಬೆಲೆ ಘೋಷಿಸುವುದು ದಿಲ್ಲಿ, ಖರೀದಿ ಮಾಡಬೇಕಾದವರು ಇಬ್ಬರೂ ಸೇರಿ, ರೇಷನ್ ಅಂಗಡಿಯಲ್ಲಿ ಗೋವಿನಜೋಳ ಕೊಡುವುದಿಲ್ಲವಾದ್ದರಿಂದ ಕೊಂಡು ಏನು ಮಾಡುವುದು ಎಂಬ ತಕರಾರು. ಬ್ಯಾಡಗಿ ಮೆಣಸಿನಕಾಯಿಗಂತೂ 2011ರಲ್ಲಿ ಭೌಗೋಳಿಕ ಗುರುತು ಬಂತು, ಬೆಂಬಲ ಬೆಲೆಯ ಪಟ್ಟಿಯಲ್ಲಿ ಮಾತ್ರ ಮೆಣಸಿನಕಾಯಿಯೇ ಇಲ್ಲ. 2024ರ ಮಾರ್ಚ್ 11ರಂದು ದರ ಬಿದ್ದಾಗ ಬ್ಯಾಡಗಿ ಮಾರುಕಟ್ಟೆಯ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚುವುದು ಸರಿ ಎನ್ನುವವರು ನಾವಲ್ಲ. ಕೇಳುವ ಹಾದಿ ಗೊತ್ತಿಲ್ಲದಾಗ, ಇದ್ದ ಹಾದಿ ಮುಚ್ಚಿದಾಗ ಹೀಗಾಗುತ್ತದೆ.

ಇದಕ್ಕಿಂತ ದೊಡ್ಡ ದುಃಖ ನಮ್ಮ ಜಿಲ್ಲೆಯದು. 2008ರ ಜೂನ್ 10. ಮುಂಗಾರು ಹಸಿ ಆಗಿತ್ತು, ಡಿ.ಎ.ಪಿ. ಗೊಬ್ಬರ ಇರಲಿಲ್ಲ. ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಕಳೆದುಕೊಂಡರು. ಆಗ ನಾವಿನ್ನೂ ನಿರ್ದೇಶಕರಾಗಿರಲಿಲ್ಲ. ಇದೇ ಸಂಘದ ಬಾಗಿಲ ಮುಂದೆ ನಸುಕಿನಿಂದ ಚಪ್ಪಲಿ ಇಟ್ಟು ಪಾಳಿ ಹಿಡಿದವರಲ್ಲಿ ನಾವೂ ಒಬ್ಬರು. ಸುದ್ದಿ ಬಂದಾಗ ಪಾಳಿಯಲ್ಲಿದ್ದ ಯಾರೂ ಮಾತಾಡಲಿಲ್ಲ. ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಎಷ್ಟು ಗೊಬ್ಬರ ಹಂಚಿಕೆ ಆಗಿತ್ತು, ರೈಲಿನಲ್ಲಿ ಎಷ್ಟು ಬಂತು, ಯಾವ ಗೋದಾಮಿಗೆ ಎಷ್ಟು ಹೋಯಿತು, ಮಾರಿದ್ದೆಷ್ಟು ಎಂಬ ನಾಲ್ಕು ಅಂಕಿಗಳನ್ನು ಮೇ ತಿಂಗಳಲ್ಲೇ ಕೇಳುವವರು ಇದ್ದಿದ್ದರೆ? ಎಂಬ ಯೋಚನೆ ಈಗಲೂ ಬರುತ್ತದೆ. 2025ರ ಜುಲೈನಲ್ಲಿ ಯೂರಿಯಾಕ್ಕೆ ಮತ್ತೆ ಪಾಳಿ ಹಚ್ಚಿದೆವು. ಕೊಟ್ಟೇವಿ ಎಂದು ಒಬ್ಬರು, ಬಂದಿಲ್ಲ ಎಂದು ಇನ್ನೊಬ್ಬರು. ಅದೇ ನಾಲ್ಕು ಅಂಕಿಗಳು.

ಸಹಕಾರ ಸಂಘದವರಾಗಿ ನಮ್ಮ ತಪ್ಪೂ ಇದೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಿಂದ ನಮ್ಮ ಸದಸ್ಯರು ಆಪರೇಶನ್ ಮಾಡಿಸಿಕೊಂಡು ಬದುಕಿದ್ದಾರೆ. 2018ರಲ್ಲಿ ಅದು ನಿಂತಿತು. ಮತ್ತೆ ಚಿಕಿತ್ಸೆ ಸಿಗಲು 2023ರ ಜನವರಿ ಬರಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ನಮ್ಮ ಸಂಘದಿಂದ ಯಾವ ಶಾಸಕರಿಗೂ ಒಂದು ಸಾಲಿನ ಕಾಗದ ಹೋಗಲಿಲ್ಲ. ಠರಾವು ಪುಸ್ತಕ ತೆಗೆದು ನೋಡಿದೆವು. ಆ ವರ್ಷಗಳಲ್ಲಿ ಸನ್ಮಾನದ ಠರಾವುಗಳಿವೆ, ಗೋಡೆಗೆ ಬಣ್ಣ ಹಚ್ಚಿಸುವ ಠರಾವು ಇದೆ. ಯಶಸ್ವಿನಿಯ ಮಾತು ಇಲ್ಲ.

ಈಗ ಮೊದಲು ಹೇಳಿದ ಸಂಬಂಧಕ್ಕೆ ಬರುತ್ತೇವೆ. ಇದನ್ನು ಹೇಳಲು ನಮಗೆ ಸ್ವಲ್ಪ ನಾಚಿಕೆ.

ಕೆಲವು ವರ್ಷದ ಹಿಂದೆ ನಮ್ಮ ವಾರ್ಷಿಕ ಸರ್ವಸಾಧಾರಣ ಸಭೆ ನಡೆದಿತ್ತು. ಜಮಾಖರ್ಚು ಓದಿದೆವು, ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಬಾಗಿಲಿಗೆ ಆನಿಕೊಂಡು ನಿಂತಿದ್ದ ಒಬ್ಬ ಸಣ್ಣ ಹಿಡುವಳಿಯ ಸದಸ್ಯ ಕೈ ಎತ್ತಿ, "ಗೊಬ್ಬರದ ಚೀಲಕ್ಕ ಐದು ರೂಪಾಯಿ ಹಮಾಲಿ ಹಿಡದೀರಿ. ಚೀಲ ನಾವ ಹೊತಗೊಂಡು ಹೋಗೇವಿ. ಹಮಾಲಿ ಯಾರಿಗೆ ಹೋತ್ರಿ?" ಎಂದ. ವೇದಿಕೆಯ ಮೇಲಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ, "ಕುಂದರೋ ಮಾರಾಯಾ, ಊಟಕ್ಕ ಹೊತ್ತಾಗೇತಿ" ಎಂದವರು ಬೇರೆ ಯಾರೂ ಅಲ್ಲ, ಇವತ್ತು ನಿಮ್ಮ ಮುಂದೆ ಪ್ರಶ್ನೆಯ ಮಹತ್ವ ಹೇಳುತ್ತಿರುವ ನಾವೇ. ಜನ ನಕ್ಕರು. ಅವನು ಕೂತ. ಮುಂದಿನ ವರ್ಷದ ಸಭೆಗೆ ಬರಲಿಲ್ಲ.

ಅಜ್ಜಿಯ ಪಿಂಚಣಿಯ ಸಲುವಾಗಿ ಓಡಾಡಿದ ಮೇಲೆ ನಮಗೆ ಆ ಮಾತು ನೆನಪಾಯಿತು. ಕಾರ್ಯದರ್ಶಿಗಳ ಜೋಡಿ ಕುಳಿತು ಹಳೆಯ ಬಿಲ್ಲು ತೆಗೆದೆವು. ಅವನು ಕೇಳಿದ್ದು ಖರೆ ಇತ್ತು. ಲಾರಿಯಿಂದ ಇಳಿಸುವ ಹಮಾಲಿ ಮಾಲಿನ ದರದಲ್ಲೇ ಸೇರಿತ್ತು, ಮೇಲೆ ಮತ್ತೊಮ್ಮೆ ಹಿಡಿದಿದ್ದೆವು. ಯಾರೂ ತಿಂದಿರಲಿಲ್ಲ, ರೊಕ್ಕ ಸಂಘದ ಖಾತೆಯಲ್ಲೇ ಇತ್ತು. ಆದರೆ ತಪ್ಪು ತಪ್ಪೇ. ಮುಂದಿನ ಹಂಗಾಮಿನಲ್ಲಿ ಸದಸ್ಯರಿಗೆ ಅದನ್ನು ತಿರುಗಿ ಜಮಾ ಮಾಡಿದೆವು. ಅವನ ಮನೆಗೆ ಹೋಗಿ ಹೇಳಿಯೂ ಬಂದೆವು. ಅವನು ಚಹಾ ಕೊಟ್ಟ, ಬೇರೇನೂ ಅನ್ನಲಿಲ್ಲ. ಇವತ್ತು ಸಭೆಗೆ ಬಂದಿದ್ದಾನೆ, ಹಿಂದಿನ ಸಾಲಿನಲ್ಲೇ ಕೂತಿದ್ದಾನೆ.

ವಿಧಾನಸಭೆಯ ಹಿಂದಿನ ಸಾಲಿನ ಬಗ್ಗೆ ಮಾತಾಡುವವರು ತಮ್ಮ ಮನೆಯ ಹಿಂದಿನ ಸಾಲನ್ನು ಮೊದಲು ನೋಡಬೇಕು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅದರ ಅರ್ಥವೇ ಅದು. ಒಬ್ಬ ಸದಸ್ಯನಿಗೆ ಒಂದು ಮತ, ನೂರು ಎಕರೆಯವನಿಗೂ ಒಂದೇ, ಒಂದು ಎಕರೆಯವನಿಗೂ ಒಂದೇ. ಪ್ರಶ್ನೆ ಕೇಳುವ ಹಕ್ಕೂ ಹಾಗೆಯೇ. ನಮ್ಮ ನೆಲಕ್ಕೆ ಇದು ಹೊಸದಲ್ಲ. ನೆರೆಯ ಶಿಶುನಾಳದ ಶರೀಫಜ್ಜನನ್ನು ಗುರು ಗೋವಿಂದಭಟ್ಟರು "ನಿಮ್ಮಪ್ಪ ಯಾರು?" ಎಂದು ಕೇಳಿ, ಅವನು ಕೊಟ್ಟ ಉತ್ತರಕ್ಕೆ ಒಪ್ಪಿ ಶಿಷ್ಯನನ್ನಾಗಿ ಮಾಡಿಕೊಂಡರು ಎಂದು ಹಿರಿಯರು ಹೇಳುತ್ತಾರೆ. ಶರೀಫಜ್ಜನ ಮನೆತನ ನಮ್ಮೂರ ಖಾದ್ರಿ ದರ್ಗಾಕ್ಕೆ ನಡೆದುಕೊಂಡದ್ದು. ಕೇಳುವವನಿಗೂ ಹೇಳುವವನಿಗೂ ಸಿಟ್ಟು ಬಾರದಿದ್ದರೆ ಒಂದು ಪ್ರಶ್ನೆಯಿಂದ ಎಂಥ ಸಂಬಂಧ ಹುಟ್ಟುತ್ತದೆ ನೋಡಿರಿ.

ಮಾತು ಉದ್ದವಾಯಿತು, ಮುಗಿಸುತ್ತೇವೆ. ಆಡಳಿತ ಮಂಡಳಿಯ ಪರವಾಗಿ ಮೂರು ಸಂಗತಿ ತಿಳಿಸಬೇಕು.

ಒಂದು, ಸಂಘದ ಕಚೇರಿಯಲ್ಲಿ ಇವತ್ತಿನಿಂದ ಒಂದು ಪ್ರಶ್ನೆ ವಹಿ ಇಡುತ್ತೇವೆ. ಯಾವ ಸದಸ್ಯರಾದರೂ ಬರೆಯಬಹುದು. ಬರೆಯಲು ಬಾರದವರದನ್ನು ಸಿಪಾಯಿ ಬರೆದುಕೊಳ್ಳುತ್ತಾನೆ. ಸಂಘದ ವ್ಯವಹಾರದ ಪ್ರಶ್ನೆಯಾದರೆ ವಾರ್ಷಿಕ ಸಭೆಯಲ್ಲಿ ಜಮಾಖರ್ಚಿಗಿಂತ ಮೊದಲು ಅದಕ್ಕೆ ಉತ್ತರ ಓದುತ್ತೇವೆ.

ಎರಡು, ಸರ್ಕಾರದ ಪ್ರಶ್ನೆಯಾದರೆ ಪ್ರತಿ ಅಧಿವೇಶನದ ಮುಂಚೆ ಕೂತು ಆರಿಸಿ, ಸರಿಯಾದ ಇಲಾಖೆಗೆ ಸರಿಯಾದ ಮಾತಿನಲ್ಲಿ ಬರೆದು, ನಮ್ಮ ಶಾಸಕರಿಗೂ, ಪರಿಷತ್ತಿನ ಸದಸ್ಯರಿಗೂ, ಲೋಕಸಭಾ ಸದಸ್ಯರಿಗೂ ಕಳಿಸುತ್ತೇವೆ. ಪಕ್ಷ ನೋಡುವುದಿಲ್ಲ.

ಮೂರು, ಈ ಸಲದ ನಮ್ಮ ಪ್ರಶ್ನೆಗಳು ಇವು. ಮುಂದಿನ ಮುಂಗಾರಿಗೆ ನಮ್ಮ ತಾಲ್ಲೂಕಿಗೆ ಗೊಬ್ಬರದ ಹಂಚಿಕೆ ಎಷ್ಟು, ಅದು ಯಾವ ತಾರೀಖಿಗೆ ಬರುತ್ತದೆ? ಗೋವಿನಜೋಳ ಪೇಟೆಗೆ ಬರುವ ಮುಂಚೆಯೇ ಖರೀದಿ ಕೇಂದ್ರ ತೆರೆಯಲು ಏನು ವ್ಯವಸ್ಥೆ? ಅರವತ್ತರಿಂದ ಎಪ್ಪತ್ತೊಂಬತ್ತು ವರ್ಷದ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ ಎಂದು 2007ರ ಸುಮಾರಿಗೆ ಆದದ್ದು ಹಾಗೆಯೇ ಉಳಿದಿರುವುದು ಯಾಕೆ? ಮತ್ತು ಜೀವಂತ ಇರುವಾಗಲೇ ಮೃತರೆಂದು ಬರೆದು ಪಿಂಚಣಿ ನಿಲ್ಲಿಸಿದವರಿಗೆ ನಡುವಿನ ತಿಂಗಳುಗಳ ಬಾಕಿ ಕೊಡಲು ಅವಕಾಶ ಇದೆಯೋ ಇಲ್ಲವೋ?

ಕೊನೆಯ ಪ್ರಶ್ನೆ ಅಜ್ಜಿಯದು. "ಹೋದ ರೊಕ್ಕ ಹೋಗ್ಲಿ" ಎಂದು ಅವಳು ಅಂದಿದ್ದಾಳೆ. ಅದು ಅವಳ ದೊಡ್ಡತನ. ನಾವು ಹಾಗೆ ಅನ್ನುವ ಹಾಗಿಲ್ಲ.

ನಮ್ಮ ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ. ಅಲ್ಲ, ಹೊಟ್ಟೆಯಲ್ಲಿ ಹಾಕಿಕೊಳ್ಳಬೇಡಿರಿ, ಎದ್ದು ನಿಂತು ಕೇಳಿರಿ. ಊಟ ತಯಾರಿದೆ, ಆದರೆ ಇವತ್ತು ಪ್ರಶ್ನೆಗಳು ಮುಗಿದ ಮೇಲೆಯೇ ಪಂಗತಿ.

ಜೈ ಜವಾನ್, ಜೈ ಕಿಸಾನ್, ಜೈ ಸಹಕಾರ.